ಸೇತುವೆ ಗೋಡೆಗೆ ಕ್ರ್ಯಾಷ್ ಬ್ಯಾರಿಯರ್ ಜೋಡಿಸುವುದು ಹೇಗೆ?

ಪ್ರಶ್ನೆ: ನಮ್ಮೂರ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಗೆ ಹಳೇ ಸೇತುವೆ ಇದೆ. ರಸ್ತೆಬದಿಗೆ ಹೊಸದಾಗಿ ಕ್ರ್ಯಾಷ್ ಬ್ಯಾರಿಯರ್ (ಕಂಬಗಳಿಗೆ ಬಿಗಿದ ಉಕ್ಕಿನ ತಡೆಪಟ್ಟಿ) ಹಾಕಿದ್ದಾರೆ. ಆದರೆ ಪಟ್ಟಿ ಸೇತುವೆ ಗೋಡೆಯವರೆಗೆ ಬಂದಿಲ್ಲ, ನಡುವೆ ಎರಡು ಮಾರು ಖಾಲಿ. ಪಟ್ಟಿ ಉದ್ದ ಮಾಡಿ ಗೋಡೆಗೆ ಬೋಲ್ಟ್ ಹೊಡೆದರೆ ಸಾಕೇ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ಸಾಲದು. ಆ ಪಟ್ಟಿ 3 ಮಿ.ಮೀ. ದಪ್ಪದ ಉಕ್ಕು, ಗಾಡಿ ಗುದ್ದಿದಾಗ ಕಂಬಸಮೇತ ಹಿಂದಕ್ಕೆ ಬಾಗುವುದೇ ಅದರ ಕೆಲಸ. ಕಾಂಕ್ರೀಟ್ ಗೋಡೆ ಬಾಗುವುದಿಲ್ಲ. ಎರಡನ್ನೂ ನೇರವಾಗಿ ಜೋಡಿಸಿದರೆ ಪಟ್ಟಿ ಚೀಲದಂತೆ ಒಳಸರಿದು ಗಾಡಿಯನ್ನು ಗೋಡೆಯ ಮೂಲೆಗೇ ಒಯ್ಯುತ್ತದೆ. ಚಕ್ರ ಆ ಮೂಲೆಗೆ ಸಿಕ್ಕಿತೆಂದರೆ ಒಳಗಿದ್ದವರು ಉಳಿಯುವುದು ಕಷ್ಟ.

ಗೋಡೆ ಹತ್ತಿರವಾದಂತೆ ಪಟ್ಟಿ ಬಿಗಿಯಾಗುತ್ತ ಹೋಗಬೇಕು. ಮಾಮೂಲಿಯಾಗಿ 2 ಮೀಟರಿಗೊಂದು ಇರುವ ಕಂಬಗಳನ್ನು ಮೊದಲು 1 ಮೀಟರಿಗೆ, ಗೋಡೆಯ ಬಳಿ ಅರ್ಧ ಮೀಟರಿಗೆ ತರಬೇಕು. ಅಲ್ಲಿ ಎರಡು ಪಟ್ಟಿಗಳನ್ನು ಒಂದರೊಳಗೊಂದು ಕೂರಿಸುತ್ತಾರೆ, ಇಲ್ಲವೇ ಮೂರು ಉಬ್ಬಿನ ಥ್ರೈ-ಬೀಮ್ ಹಾಕುತ್ತಾರೆ. ಥ್ರೈ-ಬೀಮ್ ತುದಿಯ ಶೂಗೆ (ಪಟ್ಟಿಯನ್ನು ಗೋಡೆಗೆ ಹಿಡಿಸುವ ಉಕ್ಕಿನ ತುಂಡು) ಸಾಮಾನ್ಯವಾಗಿ 22 ಮಿ.ಮೀ.ನ ಐದು ಬೋಲ್ಟ್. ಅವು ಗೋಡೆ ದಾಟಿ ಹಿಂಬದಿಯ ಉಕ್ಕಿನ ಪ್ಲೇಟಿನ ಮೇಲೆ ಬಿಗಿಯಾದರೆ ಒಳ್ಳೆಯದು. ಅಂಟು ಹಾಕಿ ಕೂರಿಸುವ ಬೋಲ್ಟಾದರೆ ರಂಧ್ರದ ಧೂಳನ್ನು ಬ್ರಷ್ ಆಡಿಸಿ, ಗಾಳಿ ಊದಿ ಪೂರ್ತಿ ತೆಗೆಯಬೇಕು. ಧೂಳು ಉಳಿದರೆ ಅಂಟು ಕಾಂಕ್ರೀಟಿಗೆ ಹಿಡಿಯದೆ ಧೂಳಿಗೇ ಹಿಡಿಯುತ್ತದೆ.

ನಿಮ್ಮ ಸೇತುವೆ ಗೋಡೆ ಕಲ್ಲಿನದೋ ಇಟ್ಟಿಗೆಯದೋ ಆಗಿದ್ದರೆ ಈ ಬೋಲ್ಟುಗಳನ್ನು ಅದು ತಡೆದುಕೊಳ್ಳದು. ಮೊದಲು ತನ್ನದೇ ಅಡಿಪಾಯವಿರುವ ಆರ್‌ಸಿಸಿ ದಿಮ್ಮಿಯೊಂದನ್ನು ತುದಿಗೆ ಕಟ್ಟಬೇಕು. ಗಾಡಿ ಬರುವ ಕಡೆಯ ಅದರ ಮೂಲೆಯನ್ನು ರಸ್ತೆಯಿಂದ ಹಿಂದಕ್ಕೆ ಓರೆ ಮಾಡಿಸಿ.

ಕೆಲಸ ಕೆಡುವುದು ಹೆಚ್ಚಾಗಿ ಕಂಬದಲ್ಲಿ. 1.8 ಮೀಟರ್ ಕಂಬವಾದರೆ 1.1 ಮೀಟರ್ ನೆಲದೊಳಗಿರಬೇಕು. ಸೇತುವೆಯ ಬುಡದಲ್ಲಿ ಹಳೇ ಕಾಂಕ್ರೀಟ್ ಅಡ್ಡಬಂದರೆ ಕೆಲಸದವರು ಕಂಬವನ್ನೇ ಗ್ಯಾಸ್ ಕಟರ್‌ನಿಂದ ಗಿಡ್ಡ ಮಾಡುತ್ತಾರೆ. ಇದನ್ನು ಒಪ್ಪಲೇಬೇಡಿ. ಅಂಥ ಕಡೆ ಬೇಸ್‌ಪ್ಲೇಟ್ ಇರುವ ಕಂಬವನ್ನು ಕಾಂಕ್ರೀಟಿಗೇ ಬಿಗಿಯುವಂತೆ ವಿನ್ಯಾಸ ಬದಲಿಸಬೇಕು. ನಿಮ್ಮ ಕಡೆ ಎರೆಮಣ್ಣು ಬೇರೆ: ಬೇಸಿಗೆಯಲ್ಲಿ ಕಂಬದ ಸುತ್ತ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಆ ಮಣ್ಣು ತೆಗೆದು ಗರಸು ತುಂಬಿ ಪದರಪದರವಾಗಿ ದಮ್ಮಸು ಮಾಡಿಸಿ. ಕಂಬದ ಹಿಂದೆ ಎರಡಡಿಯಾದರೂ ಸಮನೆಲ ಉಳಿಯಲಿ. ಕಾಲುವೆಯ ಏರಿ ಕೊರೆದುಹೋಗಿದ್ದರೆ ಅದನ್ನು ಮೊದಲು ಕಟ್ಟಿಸಬೇಕು.

ಡಿವೈಡರ್ ಇಲ್ಲದ ರಸ್ತೆಯಾದರೆ ಈ ಕೆಲಸ ಸೇತುವೆಯ ನಾಲ್ಕೂ ಮೂಲೆಗೆ ಬೇಕು, ಎದುರಿನ ಗಾಡಿಯೂ ಅಡ್ಡ ಹಾಯ್ದು ಬಂದೀತು. ರಸ್ತೆ ಇಲಾಖೆಗೆ ಕೊಡುವ ಅರ್ಜಿಯಲ್ಲಿ ‘ಜೋಡಣೆ’ ಎಂದಷ್ಟೇ ಬರೆಯದೆ ‘ಟ್ರಾನ್ಸಿಷನ್ ಸಮೇತ’ ಎಂದು ಬರೆಯಿರಿ; ಪಟ್ಟಿ ಗೋಡೆಯತ್ತ ಹಂತಹಂತವಾಗಿ ಬಿಗಿಯಾಗುವ ಈ ಭಾಗಕ್ಕೇ ಆ ಹೆಸರು. ಅಲ್ಲಿಯವರೆಗೆ ಗೋಡೆಯ ತುದಿಗೆ ರಾತ್ರಿ ಹೊಳೆಯುವ ಹಳದಿ-ಕಪ್ಪು ಪಟ್ಟೆಯ ಫಲಕ ಹಾಕಿಸಿ, ಗಾಡಿಗಳ ಓಡಾಟ ಹೆಚ್ಚುವ ಭತ್ತದ ಸುಗ್ಗಿಗೆ ಮುಂಚೆಯೇ.