ಗ್ಲಾಕೋಮಾಕ್ಕೆ ಅಮ್ಮನ ಕಣ್ಣಿನಲ್ಲಿ ನಳಿಕೆ ಇಟ್ಟರು. ಕಣ್ಣೊಳಗಿನ ನೀರು ಅದರಿಂದ ಹೋಗುವುದೆಲ್ಲಿಗೆ, ಮೂರು ವಾರವಾದರೂ ಒತ್ತಡ ಇಳಿದಿಲ್ಲವೇಕೆ?

ಆ ನೀರು ಹೊರಗೆ ಸುರಿಯುವುದಿಲ್ಲ; ಕಣ್ಣಿನ ಬಿಳಿಭಾಗದ ಮೇಲೆ, ತೆಳುಪೊರೆಯ ಅಡಿಯಲ್ಲಿ ಹೊಲಿದಿಟ್ಟ ಪುಟ್ಟ ತಟ್ಟೆಯ ಸುತ್ತ ಸೇರಿ, ಅಲ್ಲಿಂದ ಸುತ್ತಲಿನ ರಕ್ತನಾಳಗಳಿಗೆ ಮೆಲ್ಲನೆ ಇಂಗಿಹೋಗುತ್ತದೆ. ನಮ್ಮ ಕಾಸರಗೋಡಿನ ಅಡಿಕೆ ತೋಟಗಳ ಮೇಲ್ಬದಿಯಲ್ಲಿ ತೋಡುವ ಇಂಗುಗುಂಡಿಯನ್ನು ನೆನೆಸಿಕೊಂಡರೆ ಸಾಕು. ಕಣ್ಣಿನೊಳಗೆ ನಿಮಿಷಕ್ಕೆ ಊರುವುದು ಸುಮಾರು 2 ಮೈಕ್ರೋಲೀಟರ್ ಮಾತ್ರ, ಅಂದರೆ ಒಂದು ಹನಿಮದ್ದಿನಷ್ಟು ನೀರಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಸಹಜ ಹೊರದಾರಿ ಕಟ್ಟಿದಾಗ ಆ ಅಲ್ಪ ನೀರೇ ಒತ್ತಡವೇರಿಸಿ ದೃಷ್ಟಿನರವನ್ನು ಸವೆಸುತ್ತದೆ.

ಒತ್ತಡ ಇನ್ನೂ ಇಳಿಯದಿರುವುದಕ್ಕೆ ಕಾರಣ ಬಹುಶಃ ಸಾಧನದ ಬಗೆಯಲ್ಲಿದೆ. ಅಹ್ಮದ್ ಕವಾಟವೆಂಬ ಬಗೆಯಲ್ಲಿ ಒತ್ತಡ ಹೆಚ್ಚಿದಾಗ ಮಾತ್ರ ತೆರೆದುಕೊಳ್ಳುವ ಬಾಯಿ ಇದೆ. ಮಧುರೈಯ ಅರೋಲ್ಯಾಬ್ ಸಂಸ್ಥೆ ತಯಾರಿಸುವ, ಬೆಲೆಯೂ ಕಡಿಮೆಯಿರುವ ಸಾಧನದಲ್ಲಿ ಅದಿಲ್ಲ. ಆದುದರಿಂದ ನೀರೆಲ್ಲ ಒಮ್ಮೆಲೇ ಹರಿದು ಕಣ್ಣು ಕುಗ್ಗದಿರಲೆಂದು, ತಟ್ಟೆಯ ಸುತ್ತ ತಡೆಯೊಡ್ಡುವ ಪೊರೆ ಬೆಳೆಯುವವರೆಗೆ, ಕೂದಲೆಳೆಯಂಥ ಕರಗುವ ನೂಲಿನಿಂದ ನಳಿಕೆಯನ್ನು ಬಿಗಿದಿರುತ್ತಾರೆ. ಸಾಮಾನ್ಯವಾಗಿ ಐದಾರು ವಾರಗಳಲ್ಲಿ ನೂಲು ಸಡಿಲಗೊಂಡ ಮೇಲೆಯೇ ಒತ್ತಡ ಸರಿಯಾಗಿ ಇಳಿಯುತ್ತದೆ. ಅಲ್ಲಿಯವರೆಗೆ, ವೈದ್ಯರು ಹೇಳದೆ, ಹನಿಮದ್ದು ನಿಲ್ಲಿಸುವಂತಿಲ್ಲ. ಆ ದಿನಗಳಲ್ಲಿ ಕಣ್ಣು ಒಮ್ಮೆಲೇ ಮಂಜಾದರೆ ಅಥವಾ ನೋವು ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ ತೋರಿಸಬೇಕು.