ಪ್ರಶ್ನೋತ್ತರ: ಎಂಟು ಸಾವಿರ ಜನ ದಾಟಿದರೂ ಹಳ್ಳಿಯೇ ಏಕೆ?

ಪ್ರಶ್ನೆ: ಸ್ಲೊವಾಕಿಯಾದ ಅತಿ ದೊಡ್ಡ ಹಳ್ಳಿ ಯಾವುದು? ಒಂದು ಕಡೆ ಸ್ಮಿಜಾನಿ ಎಂದಿದೆ, ಇನ್ನೊಂದು ಕಡೆ ಬೆರ್ನೊಲಾಕೊವೊ ಎಂದಿದೆ.

ಉತ್ತರ: ಎರಡೂ ತಪ್ಪಲ್ಲ, ಕಾಲ ಬೇರೆ. ಪೂರ್ವದ ಸ್ಪಿಶ್ ಸೀಮೆಯ ಸ್ಮಿಜಾನಿಯಲ್ಲಿ ಸುಮಾರು ಎಂಟೂವರೆ ಸಾವಿರ ಜನ. ಬಹಳ ಕಾಲ ಮೊದಲ ಸ್ಥಾನ ಅದರದೇ ಆಗಿತ್ತು. 'ಸ್ಲೊವಾಕ್ ಸ್ವರ್ಗ' ರಾಷ್ಟ್ರೀಯ ಉದ್ಯಾನದ ಚಿಂಗೊವ್ ಕಡೆಯ ಬಾಗಿಲು ಅಲ್ಲಿದೆ. ಎರಡನೇ ಮಹಾಯುದ್ಧದ ಪಾರ್ಟಿಸಾನ್ (ಗೆರಿಲ್ಲಾ ಹೋರಾಟಗಾರರ) ನಾಯಕ ಯಾನ್ ನಾಲೆಪ್ಕಾ 1912ರಲ್ಲಿ ಹುಟ್ಟಿದ್ದೂ ಅಲ್ಲೇ. ಈಚಿನ ವರ್ಷಗಳಲ್ಲಿ ಬೆರ್ನೊಲಾಕೊವೊ ಅದನ್ನು ಹಿಂದೆ ಹಾಕಿದೆ. ಕಾರಣ ಸರಳ: ಅದು ಬ್ರಾತಿಸ್ಲಾವಾದ ಪಕ್ಕದಲ್ಲಿದೆ, ರೈಲು ಅದರ ಮೂಲಕವೇ ಹೋಗುತ್ತದೆ. ರಾಜಧಾನಿಯಲ್ಲಿ ಮನೆ ಕೊಳ್ಳಲಾಗದವರು ಇಲ್ಲಿ ಸೈಟು ಹಿಡಿದರು.

ಪ್ರಶ್ನೆ: ಇಷ್ಟು ಜನರಿದ್ದೂ ಪಟ್ಟಣ ಏಕಲ್ಲ?

ಉತ್ತರ: ಜನಸಂಖ್ಯೆ ಒಂದು ಷರತ್ತು ಮಾತ್ರ. 1990ರ 369ನೇ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 5,000 ಜನರಿರಬೇಕು. ಜೊತೆಗೆ ಊರು ಆರ್ಥಿಕ, ಆಡಳಿತ ಮತ್ತು ಸಾಂಸ್ಕೃತಿಕ ಕೇಂದ್ರವಾಗಿರಬೇಕು, ಇಲ್ಲವೇ ಪ್ರವಾಸಿ ತಾಣವೋ ಆರೋಗ್ಯಸ್ನಾನದ ಊರೋ ಆಗಿರಬೇಕು. ಸುತ್ತಲ ಹಳ್ಳಿಗಳ ಜನರಿಗೂ ಅಲ್ಲಿ ಸೇವೆ ಸಿಗಬೇಕು, ಆ ಹಳ್ಳಿಗಳಿಗೆ ಸಾರಿಗೆ ಇರಬೇಕು, ಊರಿನ ಒಂದು ಭಾಗವಾದರೂ ಪಟ್ಟಣದ ರೂಪದಲ್ಲಿರಬೇಕು. ಸರ್ಕಾರ ಪ್ರಸ್ತಾವ ಸಲ್ಲಿಸಿ, ಸಂಸತ್ತು ಘೋಷಿಸಬೇಕು. ಬೆರ್ನೊಲಾಕೊವೊದ ಜಿಲ್ಲಾ ಕೇಂದ್ರ ಸೆನೆತ್ಸ್, ದೊಡ್ಡ ಪೇಟೆ ಬ್ರಾತಿಸ್ಲಾವಾ. ಇವೆರಡರ ನಡುವೆ ಇರುವ ಊರಿಗೆ 'ಕೇಂದ್ರ' ಎನಿಸಿಕೊಳ್ಳುವುದು ಸುಲಭವಲ್ಲ. ಸ್ಮಿಜಾನಿಯೂ ಸ್ಪಿಶ್‌ಸ್ಕಾ ನೋವಾ ವೆಸ್ ಪಟ್ಟಣಕ್ಕೆ ಅಂಟಿಕೊಂಡೇ ಇದೆ. ಇದಕ್ಕೆ ತದ್ವಿರುದ್ಧವಾಗಿ, ಎರಡು ಸಾವಿರ ಜನರೂ ಇಲ್ಲದ ದುದಿಂತ್ಸೆ ಆರೋಗ್ಯಸ್ನಾನದ ಬಲದಿಂದ ಪಟ್ಟಣ! ಪಟ್ಟಣವಾದರೆ ಮುಖ್ಯಸ್ಥರ ಪದವಿ 'ಸ್ತಾರೊಸ್ತಾ' ಹೋಗಿ 'ಪ್ರಿಮಾತೊರ್' ಆಗುತ್ತದೆ. ಹಳ್ಳಿಯಾಗಿ ಉಳಿದರೂ ಚುನಾಯಿತ ಸ್ಥಳೀಯ ಸರ್ಕಾರ ಇದ್ದೇ ಇರುತ್ತದೆ, ಆದ್ದರಿಂದ ದೊಡ್ಡ ನಷ್ಟವೇನೂ ಇಲ್ಲ ಎಂಬುದು ನಮ್ಮ ಎಣಿಕೆ.

ಪ್ರಶ್ನೆ: ಬೆರ್ನೊಲಾಕೊವೊದ ಇತಿಹಾಸ ತಿಳಿಸಿ. ಹಳೆಯ ನಕಾಶೆಯಲ್ಲಿ ಆ ಹೆಸರೇ ಸಿಗುತ್ತಿಲ್ಲ.

ಉತ್ತರ: ಸಿಗುವುದಿಲ್ಲ. 1948ಕ್ಕಿಂತ ಹಿಂದಿನ ನಕಾಶೆಯಲ್ಲಿ ಚೆಕ್ಲೀಸ್ ಎಂದು ಹುಡುಕಿ. ಈ ಸೀಮೆ ಹಿಂದೆ ಹಂಗೇರಿ ರಾಜ್ಯದಲ್ಲಿತ್ತು; ಹಂಗೇರಿಯನ್ನರಿಗೆ ಊರು ಚೆಕ್ಲೇಸ್, ಜರ್ಮನರಿಗೆ ಲಾನ್‌ಶುಟ್ಸ್. ದಾಖಲೆಯಲ್ಲಿ ಊರು ಮೊದಲು ಕಾಣುವುದು 1209ರಲ್ಲಿ. ಹಂಗೇರಿಯ ಶ್ರೀಮಂತ ಎಸ್ಟರ್‌ಹಾಜಿ ಮನೆತನ 1714ರಿಂದ 1722ರ ನಡುವೆ ಇಲ್ಲಿ ಬರೋಕ್ ಶೈಲಿಯ ಅರಮನೆ ಕಟ್ಟಿಸಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಹತ್ತಿಬಟ್ಟೆಯ ಕಾರ್ಖಾನೆಯೂ ಬಂತು. ಹಾಗಾಗಿ ಇದನ್ನು ಬರೀ ಬೇಸಾಯದ ಊರು ಎಂದುಕೊಳ್ಳಬೇಡಿ.

ಈಗಿನ ಹೆಸರು ಆಂಟನ್ ಬೆರ್ನೊಲಾಕ್ ಅವರದು. ಸ್ಲೊವಾಕ್ ಬರಹ ಭಾಷೆಯನ್ನು ಮೊದಲು ಕ್ರಮಬದ್ಧಗೊಳಿಸಿದ ಈ ಪಾದ್ರಿ 1787ರಿಂದ 1791ರವರೆಗೆ ಇಲ್ಲಿ ಸಹಾಯಕ ಗುರುವಾಗಿದ್ದರು. ಅವರ ವ್ಯಾಕರಣ ಗ್ರಂಥ 1790ರಲ್ಲಿ ಹೊರಬಂದಾಗಲೂ ಇಲ್ಲೇ ಇದ್ದರು. 1948ರಲ್ಲಿ ದಕ್ಷಿಣದ ಹಲವು ಊರುಗಳಿಗೆ ಸ್ಲೊವಾಕ್ ಮಹನೀಯರ ಹೆಸರಿಡಲಾಯಿತು: ಪಾರ್ಕಾನ್ ಶ್ತೂರೊವೊ ಆಯಿತು, ಗುತಾ ಕೊಲಾರೊವೊ ಆಯಿತು. ಎರಡು ಮಹಾಯುದ್ಧಗಳ ನಂತರ ಹಂಗೇರಿಯನ್ ಗುರುತು ಅಳಿಸುವ ರಾಜಕೀಯವೂ ಇದರಲ್ಲಿತ್ತು.

ಪ್ರಶ್ನೆ: ಒಂದೇ ಊರಿಗೆ ಬೇರೆ ಬೇರೆ ಜನಸಂಖ್ಯೆ ಕೊಡುತ್ತಾರಲ್ಲ, ಯಾವುದನ್ನು ನಂಬುವುದು?

ಉತ್ತರ: ಅಂಕಿಯ ಜೊತೆ ದಿನಾಂಕವನ್ನೂ 'ಯಾರನ್ನು ಎಣಿಸಿದ್ದಾರೆ' ಎಂಬುದನ್ನೂ ನೋಡಿ. 2021ರ ಜನಗಣತಿಯ ಉಲ್ಲೇಖ ದಿನ ಜನವರಿ 1. ಮನೆ ಮನೆಗೆ ಕಾಗದದ ನಮೂನೆ ಹಂಚದೆ ಆನ್‌ಲೈನಿನಲ್ಲೇ ಭರ್ತಿ ಮಾಡಿಸಿದರು. ಪ್ರತಿ ವರ್ಷದ ಅಂಕಿ ಬರುವುದು ಬೇರೆ ದಾರಿಯಲ್ಲಿ: ಹಿಂದಿನ ಸಂಖ್ಯೆಗೆ ಹುಟ್ಟು ಮತ್ತು ವಲಸೆ ಬಂದವರನ್ನು ಸೇರಿಸಿ, ಸಾವು ಮತ್ತು ಹೊರಟುಹೋದವರನ್ನು ಕಳೆಯುತ್ತಾರೆ. ಇದು ಶಾಶ್ವತ ವಿಳಾಸದ ಲೆಕ್ಕ.

ಎಡವಟ್ಟಾಗುವುದೂ ಇಲ್ಲೇ. ಬ್ರಾತಿಸ್ಲಾವಾ ಸುತ್ತಲ ಹಳ್ಳಿಗಳಲ್ಲಿ ಮನೆ ಕಟ್ಟಿ ವಾಸಿಸುವ ಎಷ್ಟೋ ಜನ ಶಾಶ್ವತ ವಿಳಾಸವನ್ನು ಹಳೆಯ ಊರಿನಲ್ಲೇ ಉಳಿಸಿಕೊಂಡಿದ್ದಾರೆ. ಆದಾಯ ತೆರಿಗೆಯಲ್ಲಿ ಹಳ್ಳಿಗೆ ಬರುವ ಪಾಲು ನೋಂದಾಯಿತ ಜನರನ್ನು ಆಧರಿಸಿದೆ. ಶಾಲಾ ಮಕ್ಕಳು ಮತ್ತು ವೃದ್ಧರ ಸಂಖ್ಯೆ, ಊರಿನ ಎತ್ತರ ಕೂಡ ಲೆಕ್ಕಕ್ಕೆ ಬರುತ್ತವೆ. ನೋಂದಾಯಿಸದವರ ಕಸ ಸಾಗಿಸಬೇಕು, ಅವರಿಗೆ ರಸ್ತೆ ಬೇಕು, ಆದರೆ ಅವರ ಪಾಲಿನ ಹಣ ಬರುವುದಿಲ್ಲ. ವಿಳಾಸ ಬದಲಿಸಿ ಎಂದು ಪಂಚಾಯತಿಗಳು ಬೇಡಿಕೊಳ್ಳುವುದು ಇದಕ್ಕೇ.

ಪ್ರಶ್ನೆ: ಸೊಸೆಯ ಮನೆತನ ಚೆಕ್ಲೀಸ್ ಕಡೆಯದು. ಪೂರ್ವಜರನ್ನು ಹುಡುಕುವುದು ಹೇಗೆ?

ಉತ್ತರ: ವಂಶಾವಳಿ ದಾಖಲೆಗಳ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ ಖಾತೆ ತೆರೆದು, ಊರಿನ ಹಂಗೇರಿಯನ್ ಹೆಸರು ಮತ್ತು ಪೊಜೋನಿ (ಬ್ರಾತಿಸ್ಲಾವಾದ ಹಂಗೇರಿಯನ್ ಹೆಸರು) ಕೌಂಟಿ ಎಂದು ಕೊಟ್ಟು ಹುಡುಕಿ. 1895ರ ಅಕ್ಟೋಬರ್ 1ಕ್ಕಿಂತ ಹಿಂದೆ ಹುಟ್ಟು, ಮದುವೆ, ಸಾವನ್ನು ಬರೆದಿಡುತ್ತಿದ್ದುದು ಚರ್ಚು ಮುಂತಾದ ಧಾರ್ಮಿಕ ಸಂಸ್ಥೆಗಳು. ಅಂದಿನಿಂದ ಸರ್ಕಾರಿ ನೋಂದಣಿ. ಆದ್ದರಿಂದ ಮನೆತನದ ಧರ್ಮ, ಪಂಗಡ ಮೊದಲು ಗೊತ್ತಿರಬೇಕು: ಕ್ಯಾಥೊಲಿಕ್, ಲೂಥರನ್, ಯೆಹೂದಿ ಪುಸ್ತಕಗಳು ಬೇರೆ ಬೇರೆ. ಒಬ್ಬನೇ ವ್ಯಕ್ತಿ ಲ್ಯಾಟಿನ್ ದಾಖಲೆಯಲ್ಲಿ ಯೊಹಾನ್ನೆಸ್, ಹಂಗೇರಿಯನ್‌ನಲ್ಲಿ ಯಾನೋಶ್, ಸ್ಲೊವಾಕ್‌ನಲ್ಲಿ ಯಾನ್ ಆಗಿರಬಹುದು. ಮೂವರೆಂದು ವಂಶವೃಕ್ಷಕ್ಕೆ ಸೇರಿಸಿ ಕೆಡಿಸಿಕೊಳ್ಳುವವರು ಬಹಳ. ಹೆಸರಿನ ಜೊತೆ ಹೆಂಡತಿಯ ತವರು ಹೆಸರು ಮತ್ತು ಮನೆ ಸಂಖ್ಯೆ ಎರಡನ್ನೂ ತಾಳೆ ನೋಡಿ.