ಪಿಯುಸಿಯಲ್ಲಿ 91, ಸಿಇಟಿಯಲ್ಲಿ 70: ಅಂಕ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ಸರ್, ನಮ್ಮದು ಸಿಂದಗಿ ತಾಲ್ಲೂಕಿನ ಹಳ್ಳಿ. ಒಂದರಿಂದ ಹತ್ತರವರೆಗೆ ಊರಲ್ಲೇ, ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ವಿಜಯಪುರದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಕಾಲೇಜು ಪರೀಕ್ಷೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 91 ಪರ್ಸೆಂಟ್ ಬರುತ್ತದೆ, ಸಿಇಟಿ ಮಾದರಿ ಪರೀಕ್ಷೆಯಲ್ಲಿ ಮಾತ್ರ 180ಕ್ಕೆ 70 ದಾಟುತ್ತಿಲ್ಲ. ಪ್ರತಿ ಪೇಪರಿನಲ್ಲೂ ಹದಿನೈದು ಪ್ರಶ್ನೆ ಖಾಲಿ ಬಿಡುತ್ತೇನೆ, ತಪ್ಪಾದರೆ ಅಂಕ ಹೋಗುತ್ತದೆಂಬ ಹೆದರಿಕೆ. ಎಂಜಿನಿಯರಿಂಗ್ ಮಾಡುವ ಆಸೆ. ಈ ಸಲ ರ‍್ಯಾಂಕ್ ಬರದಿದ್ದರೆ ಧಾರವಾಡದಲ್ಲಿ ಮತ್ತೆ ಒಂದು ವರ್ಷ ಕೋಚಿಂಗ್ ಕೊಡುವ ಲಾಂಗ್ ಟರ್ಮ್‌ಗೆ ಹಾಕೋಣ ಅಂತಾರೆ ಅಪ್ಪ. ಏನು ಮಾಡಲಿ?

ಉತ್ತರ: ತಂಗಿ, ಆ ಹೆದರಿಕೆ ನೀಟ್‌ನದು, ಸಿಇಟಿಯದಲ್ಲ. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಸಿಇಟಿಯಲ್ಲಿ ಕಳೆಯುವುದಿಲ್ಲ. ಎರಡಕ್ಕೂ ಒಟ್ಟಿಗೆ ತಯಾರಿ ಮಾಡಿಸುವ ಕಡೆ ಈ ಗೊಂದಲ ಬಹಳ. ಮೂರು ಪೇಪರ್ ಸೇರಿ ನೀನು ಬಿಡುವುದು 45 ಪ್ರಶ್ನೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲೊಂದರ ಲೆಕ್ಕಕ್ಕೆ ಸರಾಸರಿ ಹನ್ನೊಂದು ಸರಿಯಾಗುತ್ತವೆ. ಎರಡು ಆಯ್ಕೆ ತಪ್ಪೆಂದು ಖಾತ್ರಿಯಾದರೆ ಅರ್ಧಕ್ಕರ್ಧ.

ಈಗ ರ‍್ಯಾಂಕಿನ ಲೆಕ್ಕ. ಎಂಜಿನಿಯರಿಂಗ್‌ಗೆ ಪಿಯುಸಿಯ ಪಿಸಿಎಂ ಅಂಕಕ್ಕೆ 50, ಸಿಇಟಿ ಅಂಕಕ್ಕೆ 50. ಬೋರ್ಡ್ ಪರೀಕ್ಷೆಯಲ್ಲೂ 91 ಬಂತೆನ್ನು: ಪಿಯುಸಿಯಿಂದ 45.5, ಸಿಇಟಿಯಿಂದ ಬರೀ 19.4. ಪಿಯುಸಿಯನ್ನು ಒದ್ದಾಡಿ 96ಕ್ಕೆ ಏರಿಸಿದರೂ ಸಿಗುವುದು ಎರಡೂವರೆ. ಸಿಇಟಿಯಲ್ಲಿ ಮೂವತ್ತು ಪ್ರಶ್ನೆ ಹೆಚ್ಚು ಸರಿಯಾದರೆ ಎಂಟರ ಮೇಲೆ. ಹಾಗಂತ ಪಿಯುಸಿಯನ್ನು ಕೈಬಿಡಬೇಡ, ಆ ಅರ್ಧ ನಿನ್ನ ಕೈಯಲ್ಲೇ ಇದೆ.

ಇಷ್ಟು ಓದಿಯೂ 70ಕ್ಕೆ ನಿಲ್ಲುವುದೇಕೆ? 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್, ಅದರಲ್ಲೇ ಓಎಂಆರ್ ಹಾಳೆಯಲ್ಲಿ ಉತ್ತರದ ವೃತ್ತಗಳನ್ನೂ ತುಂಬಬೇಕು. ನಿನಗೆ ರೂಢಿಯಿರುವುದು ಹಂತ ಹಂತವಾಗಿ ಬರೆಯುವುದು. ಒಂದು ಉದಾಹರಣೆ: ಸೊನ್ನೆಯಿಂದ ಪೈ ಬೈ ಎರಡರವರೆಗೆ, ಸೈನ್ ಎಕ್ಸ್ ಭಾಗಿಸು ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್‌ನ ಇಂಟಿಗ್ರಲ್. ಬೋರ್ಡಿನಲ್ಲಿ ಇದಕ್ಕೆ ಸಾಲುಸಾಲು ಬರೆಯುತ್ತೀ. ಎಕ್ಸ್ ಬದಲು 'ಮೇಲಿನ ಮಿತಿ ಪ್ಲಸ್ ಕೆಳಗಿನ ಮಿತಿ ಮೈನಸ್ ಎಕ್ಸ್' ಹಾಕಿದಾಗ ಅಂಶದ ಪದ ಛೇದದ ಇನ್ನೊಂದು ಪದವಾದರೆ, ಉತ್ತರ ಎರಡು ಮಿತಿಗಳ ವ್ಯತ್ಯಾಸದ ಅರ್ಧ. ಇಲ್ಲಿ ಪೈ ಬೈ ನಾಲ್ಕು, ಹತ್ತು ಸೆಕೆಂಡಿನ ಕೆಲಸ. ಭೌತಶಾಸ್ತ್ರದಲ್ಲಿ ಎಷ್ಟೋ ಸಲ ಆಯ್ಕೆಗಳ ಯೂನಿಟ್ ನೋಡಿದರೇ ಎರಡು ಉದುರಿಹೋಗುತ್ತವೆ. ಇದು ಬುದ್ಧಿವಂತಿಕೆಯಲ್ಲ, ರೂಢಿ. ಗಡಿಯಾರ ಇಟ್ಟುಕೊಂಡು ಮಾಡಿದರೆ ಮಾತ್ರ ಬರುತ್ತದೆ.

ಇನ್ನೊಂದು ಸೋರಿಕೆ ಫಸ್ಟ್ ಪಿಯುಸಿ. ಸಿಇಟಿಗೆ ಎರಡೂ ವರ್ಷದ ಪಾಠ. ನಮ್ಮ ಕಡೆ ಹುಡುಗರು ಫಸ್ಟ್ ಪಿಯುಸಿ ಪುಸ್ತಕ ಜೂನ್‌ನಲ್ಲೇ ಯಾರಿಗಾದರೂ ಕೊಟ್ಟುಬಿಡುತ್ತಾರೆ! ನೀನೂ ಕೊಟ್ಟಿದ್ದರೆ ವಾಪಸ್ ತಗೋ. ನಿನ್ನ ಮಾದರಿ ಪೇಪರುಗಳಲ್ಲಿ ತಪ್ಪಾದದ್ದೆಲ್ಲ ಯಾವ ವರ್ಷದ ಪಾಠದ್ದು ಎಂದು ಎಣಿಸಿ ನೋಡು, ತ್ರಿಕೋನಮಿತಿ, ಕೋನಿಕ್ಸ್, ಚಲನೆಯ ನಿಯಮ, ಮೋಲ್ ಲೆಕ್ಕಗಳಲ್ಲೇ ಬಹಳಷ್ಟು ಹೋಗಿರುತ್ತವೆ ಎಂಬುದು ನನ್ನ ಅಂದಾಜು.

ಹಳೇ ಪೇಪರು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಒಂದು ಎಚ್ಚರ: ಪಠ್ಯದಿಂದ ಕೆಲವು ಪಾಠ ತೆಗೆದುಹಾಕಿದ್ದಾರೆ. 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆ ಬಂದು ಗದ್ದಲವಾಗಿ, 50 ಪ್ರಶ್ನೆ ಮೌಲ್ಯಮಾಪನದಿಂದ ಕೈಬಿಟ್ಟರು. ಈಗಿನ ಪಠ್ಯಕ್ರಮ ಪಕ್ಕದಲ್ಲಿಟ್ಟುಕೊಂಡೇ ಬಿಡಿಸು.

ವಾರಕ್ಕೊಂದು ದಿನ ಪರೀಕ್ಷೆಯಂತೆಯೇ ಕೂರು: ಬೆಳಗ್ಗೆ ಒಂದು ಪೇಪರ್, ಮಧ್ಯಾಹ್ನ ಒಂದು. ಏಪ್ರಿಲ್ ಬಿಸಿಲಲ್ಲಿ ಎರಡನೇ ಪೇಪರಿಗೆ ತಲೆ ಹೇಗೆ ಓಡುತ್ತದೆ ಎಂಬುದು ಮೊದಲೇ ಗೊತ್ತಿರಲಿ. ಮೊದಲ ಸುತ್ತಿನಲ್ಲಿ ಬರುವವನ್ನಷ್ಟೇ ಮಾಡು, ಹತ್ತು ಪ್ರಶ್ನೆಗೊಮ್ಮೆ ಓಎಂಆರ್ ತುಂಬು. ಕೊನೆಗೆ ಒಟ್ಟಿಗೆ ತುಂಬಲು ಹೋಗಿ ಒಂದು ಸಾಲು ಜಾರಿದರೆ ಮುಗಿಯಿತು. ಪೆನ್ನಿನ ಗುರುತು ಅಳಿಸಲಾಗದು.

ಲಾಂಗ್ ಟರ್ಮ್ ಈಗ ಬೇಡ. ಇದರಲ್ಲಿ ಯಾವುದಕ್ಕೂ ಧಾರವಾಡದ ಹಾಸ್ಟೆಲ್ ಬೇಕಿಲ್ಲ. ಇಷ್ಟೆಲ್ಲ ಮಾಡಿಯೂ ಫಲಿತಾಂಶ ಬೇಸರ ತಂದರೆ ಆಗ ಅಪ್ಪನ ಜೊತೆ ಕೂತು ಮಾತಾಡು.

ನೀನು ಕೇಳದಿದ್ದರೂ ಒಂದು ಮಾತು. ಭೀಮೆಯ ಆಚೆ ಅಫಜಲಪುರದವರಿಗೆ ಇರುವ 371ಜೆ ಮೀಸಲಾತಿ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಆ ವಿಧಿಯಡಿ ಇರುವುದು) ನಮ್ಮ ಜಿಲ್ಲೆಗಿಲ್ಲ. ಆದರೆ ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಇದೆ. ಅರ್ಜಿ ತುಂಬುವಾಗಲೇ ಎರಡನ್ನೂ ಕೇಳಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಅದನ್ನು ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೋ.